ದಾರ ಕಟ್ಟಿದ ವೈರು

ಹೊಲಿಗೆ ಮೆಷಿನ್ನಿನ ಪಕ್ಕದಿಂದ,
ತಾರೀಕು ಹದಿನಾಲ್ಕು, ಮಂಗಳವಾರ

ಪ್ರೀತಿಯ ಗುಬ್ಬಿಗೆ ಸೋದರಮಾವನ ಆಶೀರ್ವಾದಗಳು.

ಈ ಭೂಮಿಯ ಮೇಲೆ ಕರೆಂಟಿನ ಗುಟ್ಟು ಪೂರ್ತಿ ತಿಳಿದವನು ನಾನೊಬ್ಬನೇ. ಉಳಿದ ಎಂಜಿನಿಯರುಗಳೆಲ್ಲ ಬರೀ ಪುಸ್ತಕ ಓದಿಕೊಂಡವರು. ಅದಿರಲಿ, ನಿನ್ನ ಕೆಮ್ಮು ಹೇಗಿದೆ? ಹಾಸ್ಟೆಲಿನ ನೀರು ಒಗ್ಗಿತೇ? ಇಲ್ಲಿ ನಾನೂ ನಿಮ್ಮಮ್ಮನೂ ಕ್ಷೇಮ. ಫೋನು ಮಾಡದೆ ಕಾಗದ ಬರೆಯುತ್ತಿರುವುದೇಕೆಂದರೆ, ನಾನು ಫೋನು ಹಿಡಿದರೆ ಸಾಕು, ಅಕ್ಕ ಕತ್ತರಿ ಕೆಳಗಿಟ್ಟು ಕಿವಿ ನಿಮಿರಿಸುತ್ತಾಳೆ.

ನೀನು ಹೊರಟ ಮೇಲೆ ಅವಳು ವಕೀಲರ ಕರಿ ಕೋಟುಗಳನ್ನು ವಾಪಸು ಕಳಿಸತೊಡಗಿದ್ದಳು. ಕರಿ ಬಟ್ಟೆಯ ಮೇಲೆ ಕರಿ ದಾರ, ಮೇಲೆ ಆ ಮಂಕು ಬಲ್ಬು. "ಕಣ್ಣು ಸೋತವು ಕಣೋ, ಹೊಲಿಗೆ ನಿಲ್ಲಿಸಿಬಿಡ್ತೀನಿ" ಅಂದಳು. ಮೂವತ್ತು ವರ್ಷ ಪಳಗಿದ ಕೈ! ನೀನು ಹಳೇ ಕಂಪ್ಯೂಟರಿನಿಂದ ಬಿಚ್ಚಿ, ಎಲ್‌ಇಡಿ ಪಟ್ಟಿಯ ಜೊತೆ ಇಟ್ಟುಹೋಗಿದ್ದ ಪವರ್ ಸಪ್ಲೈ ಪೆಟ್ಟಿಗೆಯನ್ನು ಅಂದೇ ಅಟ್ಟದಿಂದ ಇಳಿಸಿದೆ. ವೈರಿನ ಗೊಂಚಲಿಗೆ ಅಲ್ಲಲ್ಲಿ ದಾರದ ತುಂಡು ಸುತ್ತಿಕೊಂಡಿತ್ತು. ದರ್ಜಿಯ ಮನೆಯಲ್ಲಿ ದಾರ ಎಲ್ಲಿಲ್ಲ ಎಂದು ಸುಮ್ಮನಾದೆ. ರಿಪೇರಿ ಅಂಗಡಿಯವನು, "ಹಸಿರು ವೈರು ಕರಿ ವೈರಿಗೆ ಸೇರಿಸಿ, ಪೆಟ್ಟಿಗೆ ಆನ್ ಆಗತ್ತೆ. ಹಳದಿಗೂ ಕರಿಗೂ ದೀಪ ಕೊಡಿ, ಅಷ್ಟೇ" ಅಂದ. ಅಷ್ಟೇ ಅಂತೆ! ಎರಡು ದಿನ ಸೇರಿಸಿದೆ, ಒಳಗಿನ ಫ್ಯಾನು ಮಿಸುಕಲಿಲ್ಲ. ಪೆಟ್ಟಿಗೆ ಸತ್ತಿದೆಯೆಂದು ತೀರ್ಪು ಕೊಟ್ಟು ಅವನಿಂದಲೇ ಹೊಸದು ತಂದೆ, ಏನೋ ಚಿಲ್ಲರೆ ದುಡ್ಡಿಗೆ. ಅದೂ ಸತ್ತಿತ್ತು!

ಸಿಟ್ಟಿನಲ್ಲಿ ಹಳೆಯದನ್ನು ಬೋರಲು ಹಾಕಿದಾಗ ತಳದಲ್ಲಿ ನಿನ್ನ ಚೀಟಿ ಕಂಡಿತು. "ಮಾವ, ದಾರದಲ್ಲಿ ಒಂದು ಗಂಟು ಹಾಕಿರೋ ವೈರು ಎರಡಿವೆ, ಸೇರಿಸು, ಪೆಟ್ಟಿಗೆ ಏಳುತ್ತೆ. ದೀಪದ ಪಟ್ಟಿಗೂ ಗಂಟು ಹಾಕಿದೀನಿ. ಎರಡಕ್ಕೆ ಎರಡು, ಮೂರಕ್ಕೆ ಮೂರು ಸೇರಿಸು. ಮುಚ್ಚಳ ಮಾತ್ರ ಬಿಚ್ಚಬೇಡ." ಇಡೀ ಚೀಟಿಯಲ್ಲಿ ಒಂದು ಬಣ್ಣದ ಹೆಸರೂ ಇಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ, ಗುಬ್ಬಿ. ನನ್ನ ಕಣ್ಣಿಗೆ ಕೆಂಪೂ ಹಸಿರೂ ಒಂದೇ, ಒಣ ಎಲೆಯ ಬಣ್ಣ, ಎಂದು ಹೆತ್ತ ತಾಯಿಗೂ ನಾನು ಹೇಳಿದವನಲ್ಲ. ನೀನು ಒಂದನೇ ಕ್ಲಾಸಿನಲ್ಲಿದ್ದಾಗ ಕೆಂಪು ರಿಬ್ಬನ್ನು ತರಲು ಹೋಗಿ ಹಸಿರು ತಂದು, ಕೆಂಪೇ ಇದು ಎಂದು ಜಗಳಕ್ಕೆ ನಿಂತಿದ್ದೆ. "ಮಾವನ್ನ ಬೈಬೇಡಮ್ಮಾ, ಹಸಿರೇ ತಾ ಅಂತ ನಾನೇ ಹೇಳಿದ್ದು" ಎಂದು ಅದನ್ನೇ ಕಟ್ಟಿಕೊಂಡು ಶಾಲೆಗೆ ಹೋಗಿ ಬೆಂಚಿನ ಮೇಲೆ ನಿಂತವಳು ನೀನು. ಅವತ್ತೇ ತಿಳಿದಿತ್ತೇನೇ? ಇಷ್ಟು ವರ್ಷ ಯಾರ ಮುಂದೂ ಬಾಯಿ ಬಿಡಲಿಲ್ಲ, ನನ್ನ ಮುಂದೂ.

ಗಂಟು ಎಣಿಸಿ ಸೇರಿಸಿದೆ. ಫ್ಯಾನು ಗುರ್ರೆಂದಿತು, ಮೆಷಿನ್ನಿನ ಮೇಲೆ ಹಾಲು ಚೆಲ್ಲಿದ ಹಾಗೆ ಬೆಳಕು. ನಿಮ್ಮಮ್ಮ ಕೈಯಲ್ಲಿದ್ದ ಕಾಲರನ್ನು ಹತ್ತಿರ ಹಿಡಿದು, "ಅಯ್ಯೋ, ಇಷ್ಟು ಸೊಟ್ಟಗೆ ಹೊಲಿದಿದ್ದೀನಾ!" ಎಂದು ನಗುತ್ತಲೇ ಬಿಚ್ಚತೊಡಗಿದಳು. ಇವತ್ತು ಮೂರು ಕರಿ ಕೋಟು ಗೋಡೆಯ ಗೂಟದಲ್ಲಿ ತೂಗುತ್ತಿವೆ. ಬೀದಿಯೆಲ್ಲ ನನ್ನನ್ನು ಹೊಗಳುತ್ತಿದೆ; ನಾನೂ ಬೇಡವೆನ್ನಲಿಲ್ಲ. ಅದೆಲ್ಲ ನಿನ್ನದು ಎಂದು ಈ ಕಾಗದದಲ್ಲಿ ಮಾತ್ರ ಬರೆದುಕೊಡುತ್ತೇನೆ. ಆ ಗಂಟು ಹಾಕಿದ ಬೆರಳುಗಳು ತಣ್ಣಗಿರಲಿ, ಮಗಳೇ.

ಇಂತಿ,
ಬೆಳಕಿನ ಧಣಿ,
ನಿನ್ನ ಮಾವ

ವಿ.ಸೂ.: ಮುಖ್ಯವಾದದ್ದೇ ಬಿಟ್ಟುಹೋಯಿತು. ಹೊಸ ಪೆಟ್ಟಿಗೆಯೂ ಸತ್ತಿರಲಿಲ್ಲ, ಅದರಲ್ಲೂ ಹಸಿರೆಂದು ಕೆಂಪು ವೈರನ್ನೇ ಸೇರಿಸಿದ್ದೆ; ಈಗ ಮಂಚದ ಕೆಳಗೆ ಕೂತಿದೆ. ಬಿಚ್ಚಿದ ಮಾಲು ವಾಪಸಿಲ್ಲ ಎಂದ ಅಂಗಡಿಯವನು. ರಿಬ್ಬನ್ನಿನ ಗುಟ್ಟಿನ ಪಕ್ಕದಲ್ಲೇ ಇದನ್ನೂ ಇಟ್ಟುಕೋ: ನಿಮ್ಮಮ್ಮನಿಗೆ ಇನ್ನೂರು ಅಂದಿದ್ದೇನೆ. ಕೊಟ್ಟಿದ್ದು ಸಾವಿರದ ಎಂಟುನೂರ ನಲವತ್ತು.