ತಾಯಿಹಲಗೆಯ ಗೃಹಪ್ರವೇಶ

ದೊಡ್ಡನೆಕ್ಕುಂದಿ,
ನವೆಂಬರ್ ೧೬, ೨೦೨೫, ಭಾನುವಾರ

ಪ್ರೀತಿಯ ಚಿಕ್ಕಪ್ಪಾ,

ಲಗ್ಗೆರೆ ಸಂಸ್ಥಾನಾಧೀಶ್ವರರೂ, ಬೈರವೇಶ್ವರ ಕಂಪ್ಯೂಟರ್ ತರಗತಿಯ ಮಾಜಿ ಪ್ರಾಂಶುಪಾಲರೂ, ಅದರ ಏಕೈಕ ಮೇಷ್ಟರೂ, ಬೆಳಿಗ್ಗೆ ಬೇಗ ಬಂದು ಕಸ ಗುಡಿಸುತ್ತಿದ್ದವರೂ ಆದ ಶ್ರೀಮಾನ್ ಲೋಕೇಶ್ ಅವರ ಪಾದಗಳಿಗೆ ಬಿಂದುಶ್ರೀಯ ಸಾಷ್ಟಾಂಗ. ಹೇಗಿದ್ದೀಯ? ಬೆನ್ನುನೋವು ಬಿಟ್ಟಿತೇ? ಪೀಣ್ಯದ ಕಾರ್ಖಾನೆಗಳ ಧೂಳಿಗೆ ನಿನ್ನ ಕೆಮ್ಮು ಜಾಸ್ತಿಯಾಗಿರಬೇಕು ಎಂದು ಅಮ್ಮ ಹೇಳುತ್ತಿರುತ್ತಾಳೆ. ಜ್ಯೋತಿಲಕ್ಷ್ಮಿ ಚಿಕ್ಕಮ್ಮ ಈಗಲೂ ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾಳೆಯೇ? ಕೇಳಿದೆ ಅಂತ ಹೇಳಬೇಡ. ಇಲ್ಲಿ ಅಜ್ಜಿಯ ಮಂಡಿಯೊಂದನ್ನು ಬಿಟ್ಟು ಮಿಕ್ಕವರೆಲ್ಲ ಕ್ಷೇಮ. ಮಳೆ ಬರುವುದನ್ನು ಆ ಮಂಡಿ ಫೋನಿಗಿಂತ ಮೊದಲೇ ಹೇಳುತ್ತದೆ.

ಈ ಕಾಲದಲ್ಲಿ ಕಾಗದವೇಕೆ ಎನ್ನಬೇಡ. ಮನೆಯವರ ವಾಟ್ಸಾಪ್ ಗ್ರೂಪಿನಿಂದ ನೀನು ಎದ್ದುಹೋಗಿ ಯಾವುದೋ ಕಾಲವಾಯಿತು. ನಾನು ಬೇರೆಯಾಗಿ ಕಳಿಸಿದ್ದಕ್ಕೆ ನೀಲಿ ಗೆರೆ ಬೀಳುತ್ತದೆ, ಉತ್ತರ ಬೀಳುವುದಿಲ್ಲ. ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡುವ ವಿದ್ಯೆ ನಿನಗಿನ್ನೂ ಸಿದ್ಧಿಸಿಲ್ಲವೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ವಿಷಯ ಏನೆಂದರೆ, ನಮ್ಮ ಮನೆತನದ ತಾಯಿಹಲಗೆಯ ಗೃಹಪ್ರವೇಶ ಇಂದು ಬೆಳಿಗ್ಗೆ ನೆರವೇರಿತು. ‘ಮದರ್‌ಬೋರ್ಡ್’ ಎನ್ನಲು ನಾಲಿಗೆ ಹೊರಳದ ನಮ್ಮೂರ ಹುಡುಗರಿಗಾಗಿ ನೀನೇ ಹುಟ್ಟಿಸಿದ ಪದ ಅದು. ಬೇರೆ ಯಾವ ಹೆಸರಿಟ್ಟಿದ್ದರೂ ನಾನಿವತ್ತು ಈ ಕಾಗದ ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಪಾಲಾದ ದಿನ ನಾನು ಐದನೇ ಕ್ಲಾಸು, ಆದರೂ ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಹೊಲ, ಬೋರ್‌ವೆಲ್ಲು, ಹಿತ್ತಾಳೆ ಹಂಡೆ ಎಲ್ಲ ಮುಗಿದ ಮೇಲೆ ನಿನ್ನ ತರಗತಿ ನಡೆಯುತ್ತಿದ್ದ ಶೆಡ್ಡಿನ ಕಂಪ್ಯೂಟರ್ ಉಳಿಯಿತು. ಕೊಂಡುತಂದವನು ಅಪ್ಪ, ಅದನ್ನಿಟ್ಟುಕೊಂಡು ಪಾಠ ಹೇಳಿದವನು ನೀನು. ಅಷ್ಟು ಹೊತ್ತಿಗೆ ಅದು ಗುಜರಿಯವರೂ ಮೂಸದ ಸಾಮಾನು; ಆದರೂ ಇಬ್ಬರೂ ಬಿಡಲೊಲ್ಲಿರಿ. ಪಂಚಾಯ್ತಿಗೆ ಕೂತಿದ್ದ ಚಿಕ್ಕಬೈರಪ್ಪ ತಾತ “ಬಿಚ್ಚು, ಒಳಗೇನದೆ ನೋಡಾನ” ಎಂದರು. ನೀನು ಬಿಚ್ಚಿ, ಅಷ್ಟು ಸಿಟ್ಟಿನಲ್ಲೂ ಮೇಷ್ಟರ ಬುದ್ಧಿ ಬಿಡದೆ, ಇದು ಪೆಟ್ಟಿಗೆ, ಇದು ಕೀಬೋರ್ಡು, ಇದು ತಾಯಿಹಲಗೆ ಎಂದು ಒಂದೊಂದೇ ತೋರಿಸಿದೆ. ತಾತ ಎದ್ದುಹೋಗಿ ಎಲೆಅಡಿಕೆ ಉಗಿದು ಬಂದು ತೀರ್ಪು ಕೊಟ್ಟರು: “ತಾಯಿ ಅಂದ್ಮೇಲೆ ಮುಗೀತು ಬುಡ್ರಪ್ಪ. ತಾಯಿ ದೊಡ್ಡಮಗನ ಮನೇಲಿರ್ಬೇಕು. ಮಿಕ್ಕಿದ್ದು ಚಿಕ್ಕೋನ್ಗೆ.” ಅದೇ ಉಸಿರಿನಲ್ಲಿ ಅಜ್ಜಿಯನ್ನೂ ಅಪ್ಪನ ಪಾಲಿಗೆ ಬರೆದರು. ಎಲ್ಲರೂ ತಲೆದೂಗಿದರು. ನೀನೊಬ್ಬನೇ ಎದ್ದು ನಿಂತು “ಅವ್ವನ್ನೂ ಪಾಲು ಹಾಕ್ಬುಟ್ರಾ?” ಎಂದೆ. ಖಾಲಿ ಪೆಟ್ಟಿಗೆ, ಮಾನಿಟರು, ಕೀಬೋರ್ಡು ಟೆಂಪೋಗೆ ಹಾಕಿಕೊಂಡು ಹೋದವನು ಮತ್ತೆ ಈ ಗೇಟು ದಾಟಲಿಲ್ಲ. “ಡಬ್ಬ ತಗಂಡೋದ, ಅವ್ವನ ಕಡೆ ತಿರುಗೂ ನೋಡ್ಲಿಲ್ಲ” ಎಂದು ಅಪ್ಪ. ನೀವಿಬ್ಬರೂ ಒಂದೇ ವಿಷಯಕ್ಕೆ ನೊಂದುಕೊಂಡಿರಿ, ಬೇರೆಬೇರೆ ಮೂಲೆಯಲ್ಲಿ ಕೂತು. ಅಜ್ಜಿಯನ್ನು ಲಗ್ಗೆರೆಗೆ ಕರೆದುಕೊಂಡು ಹೋಗುತ್ತೇನೆಂದರೆ “ಪಾಲಾದ್ಮೇಲೆ ಕರೀದೆ ಓಗ್ಬಾರ್ದು ಕಣವ್ವ” ಎನ್ನುತ್ತಾಳೆ. ನೀನು ಕರೆಯುವುದಿಲ್ಲ, ಅವಳು ಹೋಗುವುದಿಲ್ಲ. ಅರ್ಧ ಬೆಂಗಳೂರು ದಾಟಿದರೆ ಸಿಗುವ ಮನೆ ನಮ್ಮ ಪಾಲಿಗೆ ದುಬೈಗಿಂತ ದೂರವಾಗಿದೆ.

ನೀನಿದ್ದಾಗ ಶೆಡ್ಡಿದ್ದ ಜಾಗದಲ್ಲಿ ಈಗ ಅಪ್ಪ ಕಟ್ಟಿಸಿದ ಪೇಯಿಂಗ್ ಗೆಸ್ಟ್ ಕಟ್ಟಡ ಎದ್ದಿದೆ. ತುಂಬ ಜನ, ಆದರೆ ಬಾಗಿಲಿಗೆ ಹೆಸರಿಲ್ಲ, ನಂಬರಿದೆ. ಎಲ್ಲರ ಕಿವಿಯಲ್ಲೂ ಏನಾದರೊಂದು ಸಿಕ್ಕಿಸಿಕೊಂಡಿರುತ್ತದೆ. ಹೋದ ತಿಂಗಳು ಲಿಫ್ಟಿಗೆ ಒಂದು ಚೀಟಿ ಅಂಟಿಸಿದೆ: “ಲಿಫ್ಟ್ ಇಂದು ಮೌನವ್ರತದಲ್ಲಿದೆ. ದಯವಿಟ್ಟು ಒಳಗೆ ಯಾರೂ ಮಾತನಾಡಬಾರದು.” ಮೆಟ್ಟಿಲ ಹಿಂದೆ ಅವಿತು ಕಾದೆ. ಯಾರೂ ನಗಲಿಲ್ಲ ಚಿಕ್ಕಪ್ಪ, ಎಲ್ಲರೂ ಪಾಲಿಸಿದರು. ಮೊದಲೂ ಯಾರೂ ಮಾತಾಡುತ್ತಿರಲಿಲ್ಲ. ಸಂಜೆ ನಾನೇ ಹೋಗಿ ಚೀಟಿ ಕಿತ್ತುಹಾಕಿದೆ. ಚೇಷ್ಟೆಗೆ ಇಬ್ಬರು ಬೇಕೇಬೇಕು, ಮಾಡುವವರೊಬ್ಬರು, ಪಕ್ಕದಲ್ಲಿ ಮುಖ ಗಂಟಿಕ್ಕಿಕೊಂಡು ನಿಲ್ಲುವವರೊಬ್ಬರು. “ಒಳಗೆ ಮೌಸ್ ಇದೆ, ಬೆಕ್ಕು ಬಿಡಬೇಡಿ” ಎಂದು ನೀನು ಶೆಡ್ಡಿಗೆ ಬೋರ್ಡು ಹಾಕಿ ನನ್ನನ್ನು ಕೋಲು ಕೊಟ್ಟು ಕಾವಲಿಗೆ ನಿಲ್ಲಿಸಿದ್ದು ನೆನಪಿದೆಯಾ? ಬಂದವರಿಗೆಲ್ಲ ನೀನು ಎಷ್ಟು ಗಂಭೀರವಾಗಿ “ಕಾವಲಿನವರನ್ನ ಕೇಳಿ ಒಳಗ್ ಬನ್ನಿ ಸಾರ್” ಎನ್ನುತ್ತಿದ್ದೆ. ಆ ಹುದ್ದೆಯಿಂದ ನನ್ನನ್ನು ಯಾರೂ ಇನ್ನೂ ವಜಾ ಮಾಡಿಲ್ಲ. ಕಾಯಲು ಶೆಡ್ಡಿಲ್ಲ ಅಷ್ಟೇ.

ಇರಲಿ, ಗೃಹಪ್ರವೇಶಕ್ಕೆ ಬರುತ್ತೇನೆ. ಮೂರನೇ ಮಹಡಿಯ ಹುಡುಗನೊಬ್ಬ ರೂಮು ಖಾಲಿ ಮಾಡುವಾಗ ತನ್ನ ಕಂಪ್ಯೂಟರಿನ ಒಳಗೆ ಫ್ಯಾನು, ಪವರ್ ಸಪ್ಲೈ ಬಿಟ್ಟು ಮಿಕ್ಕಿದ್ದನ್ನೆಲ್ಲ ಕಿತ್ತುಕೊಂಡು ಪೆಟ್ಟಿಗೆಯನ್ನು ಬಿಟ್ಟುಹೋದ. ಏನು ಪೆಟ್ಟಿಗೆ ಅಂತೀಯ! ನನ್ನ ಸೊಂಟದೆತ್ತರ, ಪಕ್ಕದಲ್ಲಿ ಗಾಜಿನ ಗೋಡೆ, ಬಣ್ಣಬಣ್ಣದ ದೀಪದ ಫ್ಯಾನುಗಳು. ಕಲ್ಯಾಣ ಮಂಟಪವೇ. ಡಿಪ್ಲೊಮಾ ಎಲೆಕ್ಟ್ರಾನಿಕ್ಸಿನ ಎರಡನೇ ವರ್ಷದ ನನ್ನ ಸಮಸ್ತ ಪಾಂಡಿತ್ಯವನ್ನು ಪರೀಕ್ಷಿಸಲು ಅಟ್ಟದ ಮೇಲಿನ ರಾಗಿ ಡ್ರಮ್ಮಿನ ಹಿಂದಿನಿಂದ ತಾಯಿಹಲಗೆಯನ್ನು ಇಳಿಸಿದೆ. ಅಪ್ಪ ಅದನ್ನು ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದ. ಯಾರಿಗೂ ಹೇಳಿರಲಿಲ್ಲ. ಧೂಳನ್ನು ಬ್ರಷ್ಷಿನಿಂದ ತೆಗೆದೆ. ಪಾಲಾದ ವರ್ಷದ ಆಯುಧಪೂಜೆಗೆ ಅಜ್ಜಿ ಇಟ್ಟ ಕುಂಕುಮ ಒಂದು ಮೂಲೆಯಲ್ಲಿ ಹಾಗೇ ಇತ್ತು, ಅದನ್ನು ಮುಟ್ಟಲಿಲ್ಲ. ಹಲಗೆಯ ತೂತಿಗೂ ಪೆಟ್ಟಿಗೆಯ ತೂತಿಗೂ ಜಾತಕ ಕೂಡಿಸಿದರೆ ಅರ್ಧ ಕೂಡಿತು, ಇನ್ನರ್ಧ ಕೂಡಲಿಲ್ಲ. ಕೂಡದ ಕಡೆ ಅಜ್ಜಿಯ ಸವೆದ ಹವಾಯಿ ಚಪ್ಪಲಿಯನ್ನು ಚೂರುಚೂರು ಕತ್ತರಿಸಿ ಕೆಳಗೆ ಆನಿಸಿದೆ. ಅಜ್ಜಿ ನೋಡಿ “ಬಾಯಲ್ಲಿ ತಾಯಿ ಅಂತೀಯ, ಚಪ್ಪಲಿ ಮ್ಯಾಲೆ ನಿಲ್ಲುಸ್ತೀಯ, ನಿನ್ ಕೈಗೆ ಕರಿನಾಗ್ರ ಕಚ್ಚ” ಎಂದು ಹರಸಿದಳು.

ಈಗಿನ ಪವರ್ ಸಪ್ಲೈ ಹಳೇ ಹಲಗೆಗೆ ಒಗ್ಗುವುದಿಲ್ಲ, ನಿನ್ನೆಯೇ ಎಸ್.ಪಿ. ರೋಡಿಗೆ ಹೋಗಿ ನಡುವೆ ಹಾಕುವ ತಂತಿ ತಂದಿದ್ದೆ. ಅದರ ತುದಿಗೆ ಎರಡು ಪ್ಲಗ್ಗು. ಅವನ್ನು ಹಿಡಿದುಕೊಂಡಾಗ ನಿನ್ನ ಪಾಠ ಕಿವಿಯಲ್ಲೇ ಕೇಳಿಸಿತು: “ಕರಿ ತಂತಿ, ಕರಿ ತಂತಿ ಪಕ್ಕಪಕ್ಕ ಕೂತಿರ್ಬೇಕು, ಅಣ್ಣ ತಮ್ಮ ಕೂತಂಗೆ. ಆಚೆಗೊಂದು ಈಚೆಗೊಂದು ಮಾಡಿದ್ರೆ ಹೊಗೆ ಬರ್ತದೆ, ಬರ್ಕೊಳ್ರೋ.” ಕೂರಿಸಿದೆ. ಹೊಗೆ ಬರಲಿಲ್ಲ. ನಾನೇನೂ ಸೂಚಿಸುತ್ತಿಲ್ಲ, ತಾಂತ್ರಿಕ ವರದಿ ಒಪ್ಪಿಸುತ್ತಿದ್ದೇನೆ.

ತೊಡಕು ಬಂದದ್ದು ಗುಂಡಿಯಲ್ಲಿ. ಹಳೇ ಪೆಟ್ಟಿಗೆಯ ಸ್ವಿಚ್ಚು ಒತ್ತಿದರೆ ಟಕ್ಕೆಂದು ಒಳಗೇ ಕೂರುತ್ತಿತ್ತಲ್ಲ, ಈ ಗಾಜಿನ ಅರಮನೆಯ ಗುಂಡಿ ಬೆರಳು ತೆಗೆದೊಡನೆ ಮೇಲೆದ್ದುಬಿಡುತ್ತದೆ. ಹೊಸ ಬೋರ್ಡುಗಳಿಗೆ ಅಷ್ಟು ಸನ್ನೆ ಸಾಕು. ನಮ್ಮ ತಾಯಿಗೆ ಸನ್ನೆ ತಿಳಿಯುವುದಿಲ್ಲ. ಒತ್ತಿ ಹಿಡಿದಷ್ಟು ಹೊತ್ತು ಜೀವ, ಬಿಟ್ಟರೆ ಕತ್ತಲು. ಒಂದು ಕೈ ಗುಂಡಿಯ ಮೇಲಿಟ್ಟರೆ ಹಿಂದಿನ ತಂತಿ ಸರಿಮಾಡಲು ಆಗುವುದಿಲ್ಲ. ಅಮ್ಮ ನೆಂಟರ ಮನೆಗೆ ಹೋಗಿದ್ದಳು, ಅಪ್ಪ ಹೊರಗೆ ನೀರಿನ ಟ್ಯಾಂಕರಿನವನ ಜೊತೆ ಕಾದಾಡುತ್ತಿದ್ದ. ಅಜ್ಜಿಯನ್ನು ಕುರ್ಚಿ ಹಾಕಿ ಕೂರಿಸಿ ಹೆಬ್ಬೆರಳನ್ನು ಗುಂಡಿಯ ಮೇಲಿಡಿಸಿದೆ. ಸಿಸಿಟಿವಿಯ ಪರದೆ ಕಿತ್ತುತಂದು ಜೋಡಿಸಿದೆ. ಕಟ್ಟಡ ಕಾವಲಿಲ್ಲದೆ ಉಳಿಯಿತು, ಪರದೆಯ ಮೇಲೆ ಬೆಳ್ಳಗೆ ಅಕ್ಷರ ಮೂಡಿತು.

ಅಜ್ಜಿ “ಏನಂತದೆ?” ಎಂದಳು. ಕೀಬೋರ್ಡ್ ಇಲ್ಲವಂತೆ, ಮುಂದಕ್ಕೆ ಹೋಗಬೇಕಾದರೆ ಅದೇ ಕೀಬೋರ್ಡಿನ ಒಂದು ಕೀ ಒತ್ತಬೇಕಂತೆ ಎಂದು ಓದಿ ಹೇಳಿ ನಾನು ಬಿದ್ದುಬಿದ್ದು ನಕ್ಕೆ. ಅಜ್ಜಿ ನಗಲಿಲ್ಲ. “ಇಲ್ದೇ ಇರೋದನ್ನೇ ಕರೀತಾ ಕುಂತದಾ?” ಎಂದಳು. ಗುಂಡಿಯನ್ನು ಇನ್ನಷ್ಟು ಒತ್ತಿ, “ಅದು ಯಾರ ಪಾಲಿಗೋಯ್ತು?” ಎಂದಳು. ಚಿಕ್ಕಪ್ಪನ ಪಾಲಿಗೆ ಎಂದೆ. ಇನ್ನು ಸಾಕು, ಬೆರಳು ತೆಗಿ ಅಜ್ಜಿ ಎಂದರೆ ತೆಗೆಯಲಿಲ್ಲ. “ಲೋಕ ಬರೋಗಂಟ ಇಡ್ಕಂಡಿರ್ತೀನಿ ಬುಡು. ನಾನ್ ಬುಟ್ರೆ ಇದೂ ಓಯ್ತದೆ.” ನನಗೆ ಅಲ್ಲಿಗೆ ನಗು ನಿಂತಿತು. ತಮಾಷೆ ಎಂದುಕೊಂಡು ಶುರುಮಾಡಿದ್ದೆ ಚಿಕ್ಕಪ್ಪ, ಅವಳ ಉಗುರು ಬೆಳ್ಳಗಾಗಿತ್ತು. ಟ್ಯಾಂಕರಿನವನನ್ನು ಸೋಲಿಸಿ ಒಳಗೆ ಬಂದ ಅಪ್ಪ ಬಾಗಿಲಲ್ಲೇ ನಿಂತು ನೋಡಿದ. ಬೈಯುತ್ತಾನೆ ಎಂದುಕೊಂಡೆ. “ಸರ್ಕೋ ಅವ್ವ, ಬೆರಳು ನೋಯ್ತದೆ, ನಾನ್ ಇಡ್ಕೋತೀನಿ” ಎಂದು ನೆಲದ ಮೇಲೆ ಕೂತ. ನಿನ್ನ ಹೆಸರೆತ್ತಲಿಲ್ಲ. ಆದರೆ ಊಟಕ್ಕೆ ಕರೆದಾಗಲೂ ಏಳಲಿಲ್ಲ. ಪರದೆ ನೋಡುತ್ತಾ, “ಆ ಕೀಬೋರ್ಡು ಇನ್ನೂ ಮಡೀಕಂಡಿದಾನೋ ಏನೋ” ಎಂದು ಗೋಡೆಗೆ ಹೇಳಿದ. ಗೋಡೆಗೆ ವಿಳಾಸ ಗೊತ್ತಿಲ್ಲದ ಕಾರಣ ನಾನು ಬರೆಯುತ್ತಿದ್ದೇನೆ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ, ನಿನ್ನ ಕೆಮ್ಮಿಗೆ ನನ್ನ ಎಚ್ಚರಿಕೆ. ಅಜ್ಜಿಯ ಆಶೀರ್ವಾದವನ್ನು ಕಾಗದದಲ್ಲಿ ಕಳಿಸುತ್ತಿಲ್ಲ, ಅದು ಇಲ್ಲಿಗೆ ಬಂದು ತಲೆ ಬಗ್ಗಿಸಿದವರಿಗೆ ಮಾತ್ರ.

ಇಂತಿ, ಇಲ್ಲದ ಶೆಡ್ಡಿನ ಕಾವಲುಗಾರ್ತಿ,
ಬಿಂದು

ತಾ.ಕ.: ಇದನ್ನು ಓದಿದ ಮೇಲೆ ಹರಿದುಹಾಕು. ಒತ್ತಿದರೆ ಒಳಗೇ ಕೂರುವ ಸ್ವಿಚ್ಚು ನಮ್ಮ ಬೀದಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುತ್ತದೆ. ಎಸ್.ಪಿ. ರೋಡಿನಲ್ಲಿ ನಾನು ತಂತಿ ತಂದ ಅಂಗಡಿಯಲ್ಲಿ ಅಂಥ ಹಳೇ ಕೀಬೋರ್ಡುಗಳು ತೋರಣದ ಹಾಗೆ ನೇತಾಡುತ್ತಿದ್ದವು. ಎರಡನ್ನೂ ನಾನು ತಂದಿಲ್ಲ, ತರುವುದೂ ಇಲ್ಲ. ಅಪ್ಪನಿಗೂ ಅಜ್ಜಿಗೂ ಇದು ಗೊತ್ತಿಲ್ಲ. ನೀನು ಬಂದರೆ ಮುಖ ಗಂಟಿಕ್ಕಿಕೊಂಡು ನನ್ನ ಪಕ್ಕ ನಿಲ್ಲಬೇಕು, ಅಷ್ಟೇ. ಅಪ್ಪ ಇನ್ನೂ ಗುಂಡಿ ಹಿಡಿದುಕೊಂಡೇ ಕೂತಿದ್ದಾನೆ. ಕೀಬೋರ್ಡು ತರುವುದು ಮರೆತರೂ ಚಿಂತೆಯಿಲ್ಲ, ನೀನು ಬಾ.