ಮಗಳು ಬಿಟ್ಟುಬಂದ ಬಟ್ಟಲು

ನಮ್ಮೂರಿನ ಯಜಮಾನರಾದ ಗೌಂಟಿಯಾ ಧಣಿಗಳಿಗೆ,

ಛೇರ್‌ಛೇರಾ ಹುಣ್ಣಿಮೆಯಂದು ಊರಿನ ಸಿರಿವಂತರೂ ಮನೆಮನೆಗೆ ಹೋಗಿ ಭತ್ತ ಬೇಡಬೇಕು, ಯಾರೂ ಇಲ್ಲವೆನ್ನಬಾರದು ಎಂಬುದು ಸುಗ್ಗಿಹಬ್ಬದ ಪದ್ಧತಿ. ನೀವು ಡೋಲು ಬಡಿಸಿಕೊಂಡು ನನ್ನ ಬಾಗಿಲಿಗೂ ಬಂದಿರಿ. ಮಡಕೆಯ ತಳದಲ್ಲಿದ್ದ ಕೊನೆಯ ಬೊಗಸೆ ಭತ್ತವನ್ನು ನಿಮ್ಮ ಬುಟ್ಟಿಗೆ ಸುರಿದೆ. "ಇಷ್ಟೇ ಏನೇ, ಫುಲೇಶ್ವರಿ?" ಎಂದು ನಕ್ಕಿರಿ.

ಮರುದಿನ ನಮ್ಮ ಒಲೆ ಉರಿಯಲಿಲ್ಲ. ಮಗಳು ಸುಕವಾರಾ ಬಟ್ಟಲು ಹಿಡಿದು ನಿಮ್ಮಲ್ಲಿಗೆ ಗಂಜಿತಿಳಿ ಕೇಳಲು ಬಂದಳು. "ಹಬ್ಬ ನಿನ್ನೇನೇ ಮುಗೀತು, ಹೋಗೇ! ತಿಳಿ ಎಮ್ಮೆಗೆ ಬೇಕು" ಎಂದು ಗದರಿದಿರಿ. ಮಗು ಹೆದರಿ ಬಟ್ಟಲನ್ನು ಅಲ್ಲೇ ಬಿಟ್ಟು ಓಡಿಬಂತು.

ಆ ಬಟ್ಟಲನ್ನು ಕಳಿಸಿಕೊಡಿ. ಬರುವ ವರ್ಷ ನೀವು ಮತ್ತೆ ಬೇಡಲು ಬಂದಾಗ ಅದರಲ್ಲೇ ಅಳೆದು ಹಾಕುತ್ತೇನೆ. ನೆಪ ಹೇಳಲು ನಮ್ಮಲ್ಲಿ ಎಮ್ಮೆಯಿಲ್ಲ.

ಇಂತಿ, ನಿಮಗೆ ಭಿಕ್ಷೆ ಹಾಕಿದ
ಫುಲೇಶ್ವರಿ