ಇಳಿದ ಸುದ್ದಿ

ಜನವರಿ ೧೭, ರಾತ್ರಿ

ಭೇರ್ಯದಿಂದ ಅವ್ವ ಫೋನಿನಲ್ಲಿ ಅಂದದ್ದೇ ಕೊರೆಯುತ್ತಿದೆ: "ದೊಡ್ಡ ಹಡಗು ಅಂದ್ಮೇಲೆ ಊರಷ್ಟು ಜನ ಇರ್ತಾರೆ, ಬೇಜಾರಾಗಲ್ಲ ಬುಡು ಮಗಾ."

ಈಗ ಬಂದಿರುವ ಈ ವಿಮಾನವಾಹಕ ನೌಕೆಯಲ್ಲಿ ಜನಕ್ಕೇನೂ ಬರವಿಲ್ಲ. ನಾನು ಮೊದಲಿದ್ದ ಪುಟ್ಟ ಯುದ್ಧನೌಕೆಯಲ್ಲಿ ಇದ್ದದ್ದೊಂದೇ ಹೆಲಿಕಾಪ್ಟರ್, ನಾನು ಹಾರಿಸುತ್ತಿದ್ದದ್ದು. ನಾನು ಇಳಿಯಲೆಂದೇ ಇಡೀ ಹಡಗು ಗಾಳಿಗೆ ಮುಖ ಮಾಡುತ್ತಿತ್ತು. ಅಡುಗೆಯ ಸೋಮಶೇಖರ, ಅಂತರಸಂತೆಯವನು, ನಾನು ಹೋಗಿ "ಇಳಿದೆ" ಅನ್ನುವವರೆಗೆ ಒಲೆ ಆರಿಸುತ್ತಿರಲಿಲ್ಲ. "ಬಂದ್ರಾ ಸಾ? ಕೂತ್ಕಳಿ, ಬಿಸಿ ಅದೆ" ಅನ್ನುತ್ತಿದ್ದ.

ಇಲ್ಲಿ ಹಡಗು ತಿರುಗುವುದು ಫೈಟರ್ ವಿಮಾನಗಳಿಗಾಗಿ. ಯಾರಾದರೂ ನೀರಿಗೆ ಬಿದ್ದರೆ ಎತ್ತಲೆಂದು ನಾನು ಪಕ್ಕದಲ್ಲಿ ಹಾರುತ್ತ ಕಾಯಬೇಕು. ಅವರೆಲ್ಲ ಇಳಿದ ಮೇಲೆ, ಕೊನೆಗೆ ನಾನು.

ಇವತ್ತು ಇಳಿದವನೇ ಅಭ್ಯಾಸದಿಂದ ಅಡುಗೆಮನೆ ಬಾಗಿಲಿಗೆ ಹೋಗಿ ನಿಂತೆ. ಪಾತ್ರೆ ತೊಳೆಯುತ್ತಿದ್ದವನು ತಲೆಯೆತ್ತಿ, "ಯಾರು ಬೇಕಿತ್ತು ಸರ್?" ಅಂದ.

ಯಾರೂ ಬೇಡ ಅಂದು ಬಂದುಬಿಟ್ಟೆ. ಈ ಡೈರಿಯಲ್ಲಾದರೂ ಬರೆದಿಡುತ್ತೇನೆ. ಇಳಿದೆ ಕಣೋ, ಸೋಮಶೇಖರ.